ಮೂರು ತಿಂಗಳ ಕರುವಿಗೆ ಜ್ವರ ಇಳಿಯುತ್ತಿಲ್ಲ, ಉಣ್ಣೆ ಜ್ವರ ಇರಬಹುದಾ?

ಪ್ರಶ್ನೆ (ಆಳಂದ ತಾಲೂಕು):
ನಮಸ್ಕಾರ ರೀ. ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್, ವಿದೇಶಿ ತಳಿ) ಕ್ರಾಸ್ ಆಕಳು ಇವೆ, ಒಂದು ಹೆಣ್ಣು ಕರು. ಕರುವಿಗೆ ನಾಲ್ಕು ದಿನದಿಂದ 105 ಡಿಗ್ರಿ ಜ್ವರ. ಇಂಜೆಕ್ಷನ್ ಹಾಕಿಸಿದರೆ ಸಂಜೆ ಇಳಿಯುತ್ತದೆ, ಬೆಳಿಗ್ಗೆ ಮತ್ತೆ ಅಷ್ಟೇ. ಹಾಲಿಗೆ ಬಿಟ್ಟರೆ ಕೆಚ್ಚಲ ಹತ್ತಿರ ಹೋಗಿ ಸುಮ್ನೆ ನಿಲ್ಲುತ್ತದೆ. ನಿನ್ನೆ ಕಿವಿ ಎತ್ತಿ ನೋಡಿದರೆ ಒಳಗೆಲ್ಲ ಔಡಲ ಕಾಳಿನ ಹಾಗೆ ಉಬ್ಬಿದ ಉಣ್ಣೆ. ಹೋದ ಮಳೆಗಾಲದಲ್ಲಿ ಒಂದು ಕರು ಹೀಗೇ ಹೋಯಿತು, ಅದಕ್ಕೇ ಹೆದರಿಕೆ. ಉಚ್ಚೆ ಕೆಂಪಿಲ್ಲ, ಹಾಗಾಗಿ ಉಣ್ಣೆ ಜ್ವರ ಅಲ್ಲ ಅಂತಾರೆ ಪಕ್ಕದವರು. ನಿಜಾನಾ?

ಭಾಲ್ಕಿಯಿಂದ:
ಉಚ್ಚೆ ನೋಡಿಕೊಂಡು ಕೂರಬೇಡಿ ಅಣ್ಣಾ. ಕಾಫಿ ಬಣ್ಣದ ಉಚ್ಚೆ ಬರೋದು ಬಬೇಸಿಯಾ ರೋಗದಲ್ಲಿ, ಅದು ಜಾಸ್ತಿ ದೊಡ್ಡ ದನಕ್ಕೆ. ಕ್ರಾಸ್ ಕರುಗಳನ್ನು ಕೊಲ್ಲೋದು ಥೈಲೇರಿಯಾ, ಎರಡೂ ಉಣ್ಣೆಯಿಂದಲೇ ಬರೋ ರೋಗ. ಹೆಗಲ ಮುಂದೆ ಚರ್ಮದ ಕೆಳಗೆ ಕೈಯಾಡಿಸಿ, ನಿಂಬೆಹಣ್ಣಿನಂಥ ಗಂಟು ಸಿಕ್ಕರೆ ಅನುಮಾನ ಗಟ್ಟಿ ಅಂದುಕೊಳ್ಳಿ. ಕೆಳಗಿನ ರೆಪ್ಪೆ ಎಳೆದು ನೋಡಿ, ಒಳಗೆ ಬೆಳ್ಳಗಾಗಿದ್ದರೆ ರಕ್ತ ಕಡಿಮೆಯಾಗಿದೆ ಅಂತ ಅರ್ಥ. ಇವತ್ತೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಡಾಕ್ಟರಿಗೆ ಕಿವಿಯ ರಕ್ತ ತೆಗೆದು ಗಾಜಿನ ಮೇಲೆ ಹಚ್ಚಿ ನೋಡಿ ಅಂತ ಕೇಳಿ. ಇದಕ್ಕೆ ಬುಪಾರ್ವಕ್ವೋನ್ ಅನ್ನೋ ಇಂಜೆಕ್ಷನ್ ಬೇಕು. ಬಬೇಸಿಯಾಕ್ಕೆ ಕೊಡೋದು ಇದಕ್ಕೆ ಹತ್ತೋದಿಲ್ಲ. ರಕ್ತ ಪೂರ್ತಿ ಇಳಿದ ಮೇಲೆ ಕೊಟ್ಟರೆ ಕರು ಉಳಿಯೋದು ಕಷ್ಟ.

ಚಿತ್ತಾಪುರದಿಂದ:
ಕೊಟ್ಟಿಗೆ ಗೋಡೆ ಎಂಥದ್ದು ರೀ? ನಮ್ಮದು ಶಹಾಬಾದ್ ಕಲ್ಲಿನದು, ಸಂದಿ ಬಹಳ. ನಾನು ಎರಡು ವರ್ಷ ಬರೀ ದನದ ಮೈಗೆ ಔಷಧಿ ಹೊಡೆದೆ, ಎಂಟು ದಿನಕ್ಕೆ ಮತ್ತೆ ಉಣ್ಣೆ. ಒಂದು ರಾತ್ರಿ ಬ್ಯಾಟರಿ ಹಾಕಿ ನೋಡಿದರೆ ಕಲ್ಲಿನ ಸಂದಿಯಲ್ಲಿ ಮರಿ ಉಣ್ಣೆ ಸಾಲಾಗಿ ಕೂತಿದ್ದವು. ಒಂದು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ, ಅದೂ ಮೈಯಿಂದ ಕೆಳಗೆ ಬಿದ್ದ ಮೇಲೆ. ಆಮೇಲೆ ಸಂದಿಗೆಲ್ಲ ಸಿಮೆಂಟ್ ತುಂಬಿಸಿದೆ, ಸುಣ್ಣ ಬಳಿದೆ, ಗೋಡೆಗೂ ನೆಲಕ್ಕೂ ಔಷಧಿ ಹೊಡೆದು ಹದಿನೈದು ದಿನಕ್ಕೆ ಮತ್ತೊಮ್ಮೆ ಹೊಡೆದೆ. ಇನ್ನೊಂದು ಮಾತು, ಕೈ ಮುಗಿದು ಹೇಳುತ್ತೇನೆ, ತೊಗರಿಗೆ ತಂದ ಕೀಟನಾಶಕ ಕರುವಿನ ಮೈಗೆ ಹಚ್ಚಬೇಡಿ. ಕರು ನೆಕ್ಕುತ್ತದೆ, ತಾಯಿಯೂ ನೆಕ್ಕುತ್ತದೆ.

ಹುಮನಾಬಾದ್‌ನಿಂದ:
ಕರು ಹುಷಾರಾದ ಮೇಲೆ ಲಸಿಕೆ ಬಗ್ಗೆ ಕೇಳಿ. ಥೈಲೇರಿಯಾಕ್ಕೆ ರಕ್ಷಾವ್ಯಾಕ್-ಟಿ ಅಂತ ಇದೆ, ಎರಡು ತಿಂಗಳು ದಾಟಿದ ಕ್ರಾಸ್ ಕರುಗಳಿಗೆ ಹಾಕುತ್ತಾರೆ. ದ್ರವ ಸಾರಜನಕದ ಡಬ್ಬಿಯಲ್ಲೇ ಇಡಬೇಕು, ಅದಕ್ಕೇ ಮೊದಲೇ ಹೇಳಿ ತರಿಸಬೇಕಾಗುತ್ತದೆ. ನಮ್ಮ ನಾಟಿ ತಳಿ ದೇವಣಿ ಕರುಗಳು ಈ ರೋಗವನ್ನು ಕ್ರಾಸ್ ಕರುಗಳಿಗಿಂತ ಚೆನ್ನಾಗಿ ತಡೆಯುತ್ತವೆ, ಎಚ್‌ಎಫ್‌ಗೆ ಅಷ್ಟು ಶಕ್ತಿ ಇಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಹೆಗಲ ಮುಂದೆ ಗಂಟು ಇತ್ತು. ರಕ್ತ ನೋಡಿದರು, ಥೈಲೇರಿಯಾನೇ. ನಿನ್ನೆ ಮಧ್ಯಾಹ್ನ ಇಂಜೆಕ್ಷನ್ ಆಯಿತು. ಇವತ್ತು ಬೆಳಿಗ್ಗೆ 103 ಇದೆ, ಎರಡು ಗುಟುಕು ಹಾಲು ಎಳೆಯಿತು. ಗೋಡೆ ಸಂದಿಗೆ ಸಿಮೆಂಟ್ ತರೋಕೆ ಈಗ ಆಳಂದಕ್ಕೆ ಹೊರಟಿದ್ದೇನೆ.