ಜಿಲ್ಲಾ ಪುಟದಲ್ಲಿ ಸ್ತ್ರೀವಾದ: ಲೆಕ್ಕ ಹಿಡಿಯುವುದು ಹೇಗೆ?

ಶಿರಸಿ_ಓದುಗೆ:
ನಮಸ್ಕಾರ. ಕನ್ನಡ ಪತ್ರಿಕೆಗಳು ಸ್ತ್ರೀವಾದವನ್ನು ಹೇಗೆ ತೋರಿಸುತ್ತವೆ, ಓದುಗರ ಮೇಲೆ ಅದರ ಪರಿಣಾಮವೇನು ಎಂದು ನಮ್ಮ ಓದುಬಳಗ ಒಂದು ವರ್ಷದ ಸಂಚಿಕೆ ಇಟ್ಟುಕೊಂಡು ನೋಡಬೇಕೆಂದಿದೆ. ಇ-ಪೇಪರಿನಲ್ಲಿ ‘ಸ್ತ್ರೀವಾದ’ ಎಂದು ಹುಡುಕಿದರೆ ಕೆಲವು ಅಂಕಣ ಬಿಟ್ಟು ಏನೂ ಸಿಗುತ್ತಿಲ್ಲ. ಎಲ್ಲಿಂದ ಶುರು ಮಾಡುವುದು?

ಕಾರವಾರ_ಡೆಸ್ಕ್:
ಹುಡುಕಾಟವನ್ನು ನಂಬಬೇಡಿ ಮೇಡಂ. ಹಳೆಯ ಪಿಡಿಎಫ್‌ಗಳು ಎಷ್ಟೋ ಯೂನಿಕೋಡ್‌ನಲ್ಲಿಲ್ಲ. ಕಣ್ಣಿಗೆ ಕಂಡ ಅಕ್ಷರ ಕಂಪ್ಯೂಟರಿಗೆ ಸಿಗುವುದಿಲ್ಲ. ಪುಟ ತಿರುವಿಯೇ ಓದಬೇಕು. ವರ್ಷಕ್ಕೆ 14 ಸಂಚಿಕೆಯಿಂದ ಶುರು ಮಾಡಬಹುದು, ಆದರೆ ಸತತ ಎರಡು ವಾರ ಬೇಡ. ವರ್ಷದ ಸೋಮವಾರಗಳನ್ನೆಲ್ಲ ಚೀಟಿ ಬರೆದು ಎರಡು ಎತ್ತಿ, ಹೀಗೇ ಭಾನುವಾರದವರೆಗೆ. ವಿಷಯಕ್ಕೆ ಸಂಬಂಧಿಸಿದ ಸುದ್ದಿ ಕಮ್ಮಿ ಬಿದ್ದರೆ 28ಕ್ಕೆ ಏರಿಸಿ. ಮಾರ್ಚ್ 8ರ ಮಹಿಳಾ ದಿನದ ಪುರವಣಿಯನ್ನು ಬೇರೆಯೇ ಇಡಿ, ಇಲ್ಲದಿದ್ದರೆ ಅದೊಂದೇ ಲೆಕ್ಕವನ್ನೆಲ್ಲ ತಿರುಚುತ್ತದೆ. ಆವೃತ್ತಿಯೂ ಒಂದೇ ಇರಲಿ.

ಅಂಕಣಕ್ಕಿಂತ ಅಪರಾಧ ಸುದ್ದಿ, ಪ್ರತಿಭಟನೆಯ ಸುದ್ದಿ ಮುಖ್ಯ. ‘ಪತ್ನಿ ಮೇಲೆ ಪತಿ ಹಲ್ಲೆ’, ‘ಮಹಿಳೆ ಮೇಲೆ ಹಲ್ಲೆ’: ಘಟನೆ ಒಂದೇ, ಎರಡನೆಯದರಲ್ಲಿ ಹೊಡೆದವನೇ ಇಲ್ಲ. ಸಂಘಟನೆಯ ಹೆಂಗಸರು ‘ಆರೋಪಿಸಿದ್ದಾರೆ’, ಅಧಿಕಾರಿ ‘ಸ್ಪಷ್ಟಪಡಿಸಿದ್ದಾರೆ’. ಓದುವವರು ಯಾರನ್ನು ನಂಬಬೇಕೆಂದು ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಮೊದಲ ಎರಡು ಪ್ಯಾರಾದಲ್ಲಿ ಯಾರ ಮಾತಿದೆ ಎಂಬುದನ್ನೂ ಬರೆದಿಡಿ.

ಅಂಕೋಲಾ_ತೀರ:
ಹೊಗಳಿಕೆಯ ಸುದ್ದಿಯನ್ನೂ ಬಿಡಬೇಡಿ. ನಮ್ಮ ಅಂಕೋಲಾ ತಾಲೂಕಿನ ಹೊನ್ನಳ್ಳಿಯ, ಗಿಡ ಬೆಳೆಸಿ ಹೆಸರಾದ ತುಳಸಿ ಗೌಡರು 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದಾಗ ಸುದ್ದಿಯಾದದ್ದು ಬರಿಗಾಲು, ಉಡುಗೆ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದದ್ದು ಎಷ್ಟನೇ ಪ್ಯಾರಾದಲ್ಲಿದೆ, ಎಣಿಸಿ. ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಹಾಡಿಗೆ ಎಷ್ಟು ಸಾಲು, ಅವರ ಸಾರಾಯಿ ವಿರೋಧಿ ಹೋರಾಟಕ್ಕೆ ಎಷ್ಟು ಎಂಬುದನ್ನೂ ನೋಡಿ. ಹಕ್ಕುಗಳಿಗಾಗಿ ನಿಂತ ಹೆಂಗಸನ್ನು ಬರೀ ಮುಗ್ಧ ಅಜ್ಜಿಯನ್ನಾಗಿ ಮಾಡುವುದು ನನಗಂತೂ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಕಾನೂನು_ಪುಟ:
ಹೆಂಡತಿಯ ಮೇಲೆ ಗಂಡ, ಅವನ ಮನೆಯವರು ನಡೆಸುವ ಕ್ರೌರ್ಯದ ಸೆಕ್ಷನ್ 498ಎ (ಈಗ ಭಾರತೀಯ ನ್ಯಾಯ ಸಂಹಿತೆಯ 85) ಸುದ್ದಿಗೆ ನಿಮ್ಮ ಲೆಕ್ಕದ ಹಾಳೆಯಲ್ಲಿ ಪ್ರತ್ಯೇಕ ಕಾಲಂ ಮಾಡಿ. ಸಾಕ್ಷಿ ತಿರುಗಿಬಿದ್ದರೂ, ಪುರಾವೆ ಸಾಲದಿದ್ದರೂ ಖುಲಾಸೆಯಾಗುತ್ತದೆ. ಖುಲಾಸೆಯಾದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ. ಶೀರ್ಷಿಕೆಯಲ್ಲಿ ‘ದುರ್ಬಳಕೆ’ ಎಂದಿದ್ದರೆ ಆ ಮಾತು ನ್ಯಾಯಾಲಯದ್ದೋ ಪತ್ರಿಕೆಯ ಡೆಸ್ಕಿನದ್ದೋ ನೋಡಿ.

ಒಬ್ಬರೇ ಗುರುತು ಹಾಕಬೇಡಿ. ಅದೇ 20 ವರದಿಯನ್ನು ಇಬ್ಬರು ಬೇರೆ ಬೇರೆ ಕೂತು ಗುರುತಿಸಲಿ. ಇಬ್ಬರ ಗುರುತು 16ಕ್ಕಿಂತ ಕಡಿಮೆ ವರದಿಗಳಲ್ಲಿ ಹೊಂದಿದರೆ ನಿಮ್ಮ ಕಾಲಂಗಳ ವಿವರಣೆಯೇ ಸಡಿಲವಾಗಿದೆ, ತಿದ್ದಿ ಮತ್ತೆ ಮಾಡಿ. ಇಷ್ಟೆಲ್ಲ ಮಾಡಿದರೂ ಗೊತ್ತಾಗುವುದು ಅಚ್ಚಾದದ್ದು ಮಾತ್ರ. ಪರಿಣಾಮ ತಿಳಿಯಬೇಕೆಂದರೆ ಒಂದೇ ವರದಿಯನ್ನು ಎರಡು ಶೀರ್ಷಿಕೆಯಲ್ಲಿ ಮುದ್ರಿಸಿ, ಚೀಟಿ ಎತ್ತಿ ತಲಾ 30 ಜನರಿಗೆ ಹಂಚಿ, ‘ಇಲ್ಲಿ ತಪ್ಪು ಯಾರದ್ದು?’ ಎಂದು ಕೇಳಿ. ಎರಡು ಶೀರ್ಷಿಕೆ ಇರುವುದನ್ನು ಮೊದಲೇ ಹೇಳಬೇಡಿ.