ಪದಚರ್ಚೆ: ಲಾರ್ಪ್ ಕಾಳಗದ ಬರಹದಲ್ಲಿ ‘ಹಳಬ’, ‘ನುರಿತವ’ ಮತ್ತು ‘ಜೋಡಿ ಕಟ್ಟು’

ಮಾನ್ಯರೇ, ವಂದನೆಗಳು.

ವೇಷ ತೊಟ್ಟು, ಒಂದೊಂದು ಪಾತ್ರವಾಗಿ ಮಾತನಾಡುತ್ತ, ಮೆತ್ತನೆಯ ಫೋಮ್ ಕತ್ತಿಗಳನ್ನು ಹಿಡಿದು ಬಯಲಿನಲ್ಲಿ ಕಾದಾಡುವ ‘ಲಾರ್ಪ್’ ಆಟವನ್ನು ಕನ್ನಡದ ಓದುಗರಿಗೆ ಪರಿಚಯಿಸುವ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ನಿನ್ನೆ ಮೊನ್ನೆ ಸೇರಿದವರನ್ನೂ ವರ್ಷಗಟ್ಟಲೆ ಆಡಿದವರನ್ನೂ ಒಂದೇ ಕಾಳಗಕ್ಕೆ ಇಳಿಸುವಾಗ ಇಬ್ಬರಿಗೂ ಆಟ ರುಚಿಸುವಂತೆ ನೋಡಿಕೊಳ್ಳುವುದು ಹೇಗೆ ಎಂಬ ಭಾಗಕ್ಕೆ ಬಂದಾಗ ಪದಗಳ ಆಯ್ಕೆಯಲ್ಲಿ ತೊಡಕಾಗಿದೆ. ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲ ತೊಡಕು ‘ವೆಟರನ್’ ಎಂಬುದರದು. ಆಟದ ಸಂಘಟಕರು ಈ ಒಂದೇ ಮಾತಿನಲ್ಲಿ ಬಹುಕಾಲದಿಂದ ಆಡುತ್ತಿರುವವರು, ಆಟದಲ್ಲಿ ಕೈ ಪಳಗಿದವರು ಎಂಬ ಎರಡು ಬಗೆಯವರನ್ನು ಸೇರಿಸಿಬಿಡುತ್ತಾರೆ. ಉದಾಹರಣೆಗೆ, ಅಮೆರಿಕದಲ್ಲಿ 1977ರಲ್ಲಿ ಆರಂಭವಾದ, ಇದೇ ಬಗೆಯ ಡಾಗೊರ್‌ಹಿರ್ ಆಟದಲ್ಲಿ ಕವಚವಿಲ್ಲದ ಕೈಗೋ ಕಾಲಿಗೋ ಏಟು ಬಿದ್ದರೆ ಆ ಅಂಗ ಹೋದಂತೆ, ಮುಂಡಕ್ಕೆ ಬಿದ್ದರೆ ಪಾತ್ರ ಸತ್ತಂತೆ. ಈ ಲೆಕ್ಕ ಎಲ್ಲರಿಗೂ ಒಂದೇ ಆದ್ದರಿಂದ ಅಲ್ಲಿ ಮೇಲುಗೈ ಎಂಬುದು ಆಡುವವನ ಕೈಯಲ್ಲಿ, ಕಣ್ಣಿನಲ್ಲಿ, ಕಾಲಿನ ಹೆಜ್ಜೆಯಲ್ಲಿ ಇರುತ್ತದೆ. 1983ರಲ್ಲಿ ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ಹುಟ್ಟಿದ ಇನ್ನೊಂದು ಲಾರ್ಪ್ ಆಟವಾದ ಆಮ್ಟ್‌ಗಾರ್ಡ್‌ನಲ್ಲಿ ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ: ಆಟಕ್ಕೆ ಬಂದ ಹಾಜರಿಗೆ ಕ್ರೆಡಿಟ್ ಸಿಗುತ್ತದೆ, ಕ್ರೆಡಿಟ್ ಕೂಡಿದಂತೆ ಮಟ್ಟ ಏರುತ್ತದೆ, ಮಟ್ಟ ಏರಿದಂತೆ ಪಾತ್ರಕ್ಕೆ ಹೊಸ ಶಕ್ತಿಗಳು ದೊರೆಯುತ್ತವೆ. ಕೈ ಪಳಗದವನೂ ಬಿಡದೆ ಬರುತ್ತಿದ್ದರೆ ಬಲವಾದ ಪಾತ್ರವನ್ನು ಪಡೆಯಬಲ್ಲನು. ಬೇರೆಡೆ ಕತ್ತಿವರಸೆ ಕಲಿತವನು ಮೊದಲ ದಿನವೇ ಹತ್ತು ಜನರನ್ನು ಉರುಳಿಸಬಲ್ಲನು.

ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಮಾತುಗಳು ಇದ್ದೇ ಇವೆ ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ‘ಹಳಬ’ ಎಂದರೆ ಬಂದು ಬಹುಕಾಲವಾದವನು; ‘ನುರಿತವ’, ‘ಕೈ ಪಳಗಿದವ’ ಎಂದರೆ ಕೆಲಸ ಬಲ್ಲವನು. ಕಚೇರಿಯ ಹಳಬರೆಲ್ಲ ನುರಿತವರಲ್ಲ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆದ್ದರಿಂದ ಪಾತ್ರದ ಕೂಡಿಟ್ಟ ಬಲದ ಮಾತು ಬಂದಲ್ಲಿ ‘ಹಳಬ’ ಎಂದೂ ಆಟಗಾರನ ಕೈಚಳಕದ ಮಾತು ಬಂದಲ್ಲಿ ‘ನುರಿತವ’ ಎಂದೂ ಕಟ್ಟುನಿಟ್ಟಾಗಿ ಬಳಸಬೇಕೆಂದಿದ್ದೇನೆ. ‘ಅನುಭವಿ’ ಎಂದರೆ ಮತ್ತೆ ಎರಡೂ ಕಲಸಿಹೋಗುತ್ತವೆ.

ಎರಡನೆಯ ತೊಡಕು ‘ಬ್ಯಾಲೆನ್ಸ್’ ಮಾಡುವುದು. ‘ಸಮತೋಲನ’ ಎಂಬುದು ಒಂದು ಸ್ಥಿತಿಯ ಹೆಸರು. ಅದನ್ನು ಯಾರು, ಹೇಗೆ ತಂದರೆಂದು ಅದು ಹೇಳುವುದಿಲ್ಲ. ‘ಸರಿದೂಗಿಸು’ ಎಂದಾಗ ತಕ್ಕಡಿ ಕಣ್ಣಿಗೆ ಬರುತ್ತದೆ. ನುರಿತವನು ಗುರಾಣಿ ಬಿಟ್ಟು ಅಥವಾ ಎಡಗೈಯಲ್ಲಿ ಕತ್ತಿ ಹಿಡಿದು ಆಡಿದರೆ ಒಂದು ತಟ್ಟೆಯ ಭಾರ ಇಳಿಯುತ್ತದೆ, ಹೊಸಬನಿಗೆ ಒಂದೆರಡು ಜೀವ ಹೆಚ್ಚು ಕೊಟ್ಟರೆ ಇನ್ನೊಂದರ ಭಾರ ಏರುತ್ತದೆ. ಇವೆರಡಕ್ಕೂ ಈ ಪದ ಚೆನ್ನಾಗಿ ಒಪ್ಪುತ್ತದೆ. ಆದರೆ ನನಗೆ ಎಲ್ಲಕ್ಕಿಂತ ಹಿತವಾಗಿ ಕಂಡ ಮೂರನೆಯ ಉಪಾಯಕ್ಕೆ, ಎಂದರೆ ಹೊಸಬನನ್ನು ನುರಿತವನ ಪಕ್ಕದಲ್ಲೇ ಒಂದೇ ಸಾಲಿನಲ್ಲಿ ನಿಲ್ಲಿಸುವುದಕ್ಕೆ, ಇದು ಒಪ್ಪುವುದಿಲ್ಲ. ಏಕೆಂದರೆ ಅಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿದ್ದಾರೆ.

ಅದಕ್ಕೆ ‘ಜೋಡಿ ಕಟ್ಟು’ ಎಂದು ಬರೆದು ನಿಲ್ಲಿಸಿದ್ದೇನೆ. ಮೈಸೂರು ದಸರಾ ನಾಡಕುಸ್ತಿಯಲ್ಲಿ ಜೋಡಿ ಕಟ್ಟುವುದೆಂದರೆ ಪೈಲ್ವಾನರನ್ನು ಸರಿಸಮನಾದ ಎದುರಾಳಿಗೆ ಗೊತ್ತುಮಾಡುವುದು. ಅಲ್ಲಿ ಜೋಡಿ ಎಂದರೆ ಎದುರಿಗೆ ನಿಲ್ಲುವವನು. ಹೊಲದಲ್ಲಿ ಜೋಡಿ ಎಂದರೆ ಒಂದೇ ನೊಗಕ್ಕೆ ಹೆಗಲು ಕೊಟ್ಟ ಎತ್ತುಗಳು, ಮತ್ತು ಎಳೆಯ ಹೋರಿಗೆ ಉಳುಮೆ ಕಲಿಸಲು ಅದನ್ನು ಪಳಗಿದ ಎತ್ತಿನ ಜೊತೆಗೇ ಹೂಡುತ್ತಾರೆ. ನಾನು ಹೇಳಬೇಕಾದದ್ದು ಈ ಎರಡನೆಯದನ್ನು. ಆದರೆ ಬರಹ ಕಾಳಗದ ಕುರಿತಾದ್ದರಿಂದ ಓದುಗರಿಗೆ ಕುಸ್ತಿಯ ಅರ್ಥವೇ ಮೊದಲು ಹೊಳೆದು, ಹೊಸಬನನ್ನು ನುರಿತವನ ಎದುರಿಗೆ ಬಿಟ್ಟರೆಂದು ಪೂರ್ತಿ ತಿರುಗುಮುರುಗಾಗಿ ತಿಳಿಯುವ ಅಪಾಯವಿದೆ.

ಸ್ನೇಹಿತರೊಬ್ಬರು ಹೊಸಬರಿಗೆ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ಸೂಚಿಸಿದರು. ಅದನ್ನು ಒಪ್ಪಲು ನನಗೆ ಮನಸ್ಸಿಲ್ಲ. ಓಣಿಯ ಆಟದಲ್ಲಿ ಚಿಕ್ಕ ಮಗುವಿಗೆ ಅದು ಅಕ್ಕರೆಯ ಮಾತು. ಇಲ್ಲಿ ಬರುವವರು ಬೆಳೆದವರು, ಏಟು ಬಿದ್ದಾಗ ತಾವಾಗಿಯೇ ಒಪ್ಪಿಕೊಳ್ಳುವ ಪ್ರಾಮಾಣಿಕತೆಯ ಮೇಲೆ ಈ ಆಟ ನಿಂತಿದೆ, ಹೀಗಿರುವಾಗ ಒಬ್ಬನ ಏಟು ಲೆಕ್ಕಕ್ಕಿಲ್ಲವೆಂದರೆ ಅವನು ಮತ್ತೊಮ್ಮೆ ಏಕೆ ಬರುತ್ತಾನೆ?

ನನ್ನ ಪ್ರಶ್ನೆಗಳು ಇವು. ಎದುರಾಳಿಯನ್ನು ಗೊತ್ತುಮಾಡುವುದಕ್ಕೆ ‘ಜೋಡಿ ಕಟ್ಟು’, ಪಕ್ಕದಲ್ಲಿ ನಿಲ್ಲಿಸುವುದಕ್ಕೆ ‘ಜೊತೆ ಹೂಡು’ ಎಂದು ಬೇರ್ಪಡಿಸಿದರೆ ಓದುವಾಗ ಸಹಜವಾಗಿ ಕೇಳುತ್ತದೆಯೇ? ಧಾರವಾಡ, ಬೆಳಗಾವಿಯ ಕಡೆಯ ಗರಡಿಗಳಲ್ಲಿ ಎದುರಾಳಿಗೆ ‘ಜೋಡಿ’ ಎಂದೇ ಹೇಳುತ್ತಾರೆಯೇ, ಬೇರೆ ಮಾತಿದೆಯೇ? ಎಳೆಯ ಹೋರಿಯನ್ನು ಪಳಗಿದ ಎತ್ತಿನ ಜೊತೆ ಹೂಡುವುದಕ್ಕೆ ನಿಮ್ಮ ಊರಿನ ರೈತರಲ್ಲಿ ಪ್ರತ್ಯೇಕ ಪದವಿದ್ದರೆ ದಯವಿಟ್ಟು ಬಳಕೆಯ ವಾಕ್ಯದೊಡನೆ ತಿಳಿಸಿ.