ಧೂಳಿನ ಚೀಲ ಕತ್ತರಿಸಿ ಮತ್ತೆ ಬಳಸಿದ ಮೇಲೆ ವ್ಯಾಕ್ಯೂಮ್ ಕ್ಲೀನರ್ ಸರಿಯಾಗಿ ಹೀರುತ್ತಿಲ್ಲ

ಪ್ರಶ್ನೆ ಕೇಳಿದವರು:
ನಮಸ್ಕಾರ. ನನ್ನದು ಚೀಲ ಹಾಕುವ ಮಾದರಿಯ ಯಂತ್ರ. ಒಮ್ಮೆ ಬಳಸಿ ಬಿಸಾಡುವ ಚೀಲಗಳಿಗೆ ಪದೇ ಪದೇ ದುಡ್ಡು ಸುರಿಯುವುದು ಬೇಡವೆಂದು, ತುಂಬಿದ ಚೀಲದ ತಳವನ್ನು ಕತ್ತರಿಸಿ, ಧೂಳು ಕೊಡವಿ, ಅಂಚನ್ನು ಎರಡು ಸಲ ಮಡಚಿ ಸ್ಟೇಪ್ಲರ್ ಪಿನ್ನು ಹೊಡೆದು ಮತ್ತೆ ಅದನ್ನೇ ಹಾಕುತ್ತಿದ್ದೇನೆ. ಇದು ನಾಲ್ಕನೆಯ ಸುತ್ತು. ಈಗ ಚೀಲ ಕಾಲು ಭಾಗ ತುಂಬುವ ಮೊದಲೇ ‘ಚೀಲ ತುಂಬಿದೆ’ ಎನ್ನುವ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಇಪ್ಪತ್ತು ನಿಮಿಷದಲ್ಲಿ ಯಂತ್ರ ಬಿಸಿಯಾಗಿ ತಾನಾಗಿಯೇ ನಿಂತುಬಿಡುತ್ತದೆ, ಆರಿದ ಮೇಲೆ ಮತ್ತೆ ಓಡುತ್ತದೆ. ದೀಪ ಕೆಟ್ಟಿದೆಯೇ, ಅಥವಾ ಚೀಲವನ್ನು ತೊಳೆದರೆ ಸರಿಹೋದೀತೇ?

ಮೊದಲ ಉತ್ತರ:
ದೀಪ ಕೆಟ್ಟಿರುವ ಸಾಧ್ಯತೆ ಕಡಿಮೆ. ಚೀಲದಲ್ಲಿ ಎಷ್ಟು ಧೂಳಿದೆ ಎಂಬುದನ್ನು ಅದು ನೋಡುವುದೇ ಇಲ್ಲ. ಗಾಳಿ ಹಾದುಹೋಗಲು ಎಷ್ಟು ತಿಣುಕುತ್ತಿದೆ ಎಂಬುದನ್ನು ಒತ್ತಡದ ವ್ಯತ್ಯಾಸದಿಂದ ಅಳೆಯುತ್ತದೆ. ಧೂಳಿನ ಚೀಲವನ್ನು ನಾವು ಕಸದ ಬುಟ್ಟಿಯಂತೆ ನೋಡುತ್ತೇವೆ, ಆದರೆ ನಿಜದಲ್ಲಿ ಅದು ಯಂತ್ರದ ಮೊದಲ ಫಿಲ್ಟರ್. ಹೀರಿಕೊಂಡ ಗಾಳಿಯೆಲ್ಲ ಅದರ ಗೋಡೆಯ ಮೂಲಕವೇ ಹೊರಬರಬೇಕು. ಕೂದಲು, ನೂಲು, ಕಾಗದದ ಚೂರು ಕೊಡವಿದರೆ ಬೀಳುತ್ತವೆ. ಹಿಟ್ಟಿನಂಥ ಸಣ್ಣ ಧೂಳು ಮಾತ್ರ ಎಳೆಗಳ ನಡುವೆ ಸೇರಿ ಅಲ್ಲೇ ಕುಳಿತುಬಿಡುತ್ತದೆ. ಹಾಗಾಗಿ ನಿಮ್ಮ ಚೀಲ ನೋಡಲು ಖಾಲಿ, ಗಾಳಿಯ ಪಾಲಿಗೆ ತುಂಬಿದ್ದು. ಅನೇಕ ಯಂತ್ರಗಳಲ್ಲಿ ಮೋಟಾರನ್ನು ತಣ್ಣಗಿಡುವುದೂ ಇದೇ ಗಾಳಿಯಾದ್ದರಿಂದ, ಅದು ಕಡಿಮೆಯಾದಾಗ ಮೋಟಾರು ಬಿಸಿಯೇರಿ, ರಕ್ಷಣೆಗೆಂದು ಇಟ್ಟಿರುವ ಉಷ್ಣ ಸ್ವಿಚ್ಚು ವಿದ್ಯುತ್ತನ್ನು ಕಡಿಯುತ್ತದೆ.

ಒಂದು ಪರೀಕ್ಷೆ ಮಾಡಿ ನೋಡಿ. ಹೊಸ ಚೀಲ ಹಾಕಿ, ಹೋಸ್ ಪೈಪನ್ನು ಕಳಚಿ, ಯಂತ್ರದ ಬಾಯಿಗೆ ಅಂಗೈ ಇಡಿ. ಸೆಳೆತ ಜೋರಾಗಿದ್ದರೆ ದೋಷ ಹಳೆಯ ಚೀಲದ್ದು ಅಥವಾ ಪೈಪಿನದು. ಆಗಲೂ ಸೆಳೆತವಿಲ್ಲದಿದ್ದರೆ ಮೋಟಾರಿನ ಮುಂದಿರುವ ಫಿಲ್ಟರನ್ನು ತೆಗೆದು ನೋಡಬೇಕು. ಪರೀಕ್ಷೆಗೆಂದು ಕೂಡ ಚೀಲವಿಲ್ಲದೆ ಯಂತ್ರ ಓಡಿಸಬೇಡಿ.

ಪ್ರಶ್ನೆ ಕೇಳಿದವರು:
ಹೊಸ ಚೀಲದಲ್ಲಿ ಸೆಳೆತ ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಮೋಟಾರಿನ ಮುಂದಿನ ಸ್ಪಂಜು ಬೂದು ಬಣ್ಣಕ್ಕೆ ತಿರುಗಿದೆ, ಬೆರಳಿಟ್ಟರೆ ಟಾಲ್ಕಂ ಪೌಡರಿನಂತೆ ಅಂಟುತ್ತದೆ. ಹಳೆಯ ಚೀಲ ಕಾಗದದ್ದಲ್ಲ, ಬಿಳಿ ಬಟ್ಟೆಯಂಥದ್ದು. ಗೋಡೆಯನ್ನು ಉಜ್ಜುಕಾಗದದಿಂದ ತಿಕ್ಕಿದ ಪುಡಿಯನ್ನು ಅದರಲ್ಲೇ ಹೀರಿಸಿದ್ದೆ ಎಂಬುದನ್ನು ಹೇಳಲು ಮರೆತಿದ್ದೆ.

ಎರಡನೆಯ ಉತ್ತರ:
ಮರೆತ ಆ ಮಾತಿನಲ್ಲೇ ಅರ್ಧ ಉತ್ತರವಿದೆ. ಗೋಡೆಯ ಪುಡಿ, ಸಿಮೆಂಟು, ಬೂದಿ ಇವು ಹೊಸ ಚೀಲವನ್ನೂ ಒಂದೇ ಸಲಕ್ಕೆ ಕಟ್ಟಿಬಿಡುತ್ತವೆ. ಇನ್ನರ್ಧ ಸ್ಟೇಪ್ಲರಿನದು. ಪ್ರತಿ ಪಿನ್ನೂ ಎರಡು ತೂತು ಮಾಡುತ್ತದೆ. ಚೀಲದ ಗೋಡೆಯ ರಂಧ್ರಗಳು ಕಟ್ಟಿಕೊಂಡಾಗ ಗಾಳಿ ಆ ತೂತುಗಳನ್ನೂ ಮಡಿಕೆಯ ಸಂದನ್ನೂ ಹುಡುಕಿಕೊಂಡು ನುಗ್ಗುತ್ತದೆ. ಸ್ಪಂಜಿಗೆ ಅಂಟಿರುವುದು ಹಾಗೆ ಬಂದ ಧೂಳು. ಸ್ಪಂಜನ್ನು ತಣ್ಣೀರಿನಲ್ಲಿ ತೊಳೆದು ಕನಿಷ್ಠ 24 ಗಂಟೆ ನೆರಳಿನಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆಯೇ ಹಾಕಿ. ಮಡಿಕೆ ಮಡಿಕೆಯ ಕಾಗದದ ಫಿಲ್ಟರಿದ್ದರೆ ಅದಕ್ಕೆ ನೀರು ತಾಗಿಸಬೇಡಿ, ಬದಲಿಸಿ.

ಚೀಲ ತೊಳೆಯುವ ವಿಷಯಕ್ಕೆ ಬಂದರೆ, ಕಾಗದದ್ದು ನೀರಿಗೆ ಬಿದ್ದರೆ ಮುಗಿಯಿತು. ನಿಮ್ಮಲ್ಲಿರುವಂಥ ಕೃತಕ ನಾರಿನ ಚೀಲ ಹರಿಯದೆ ಉಳಿದೀತು, ಆದರೆ ಅದರ ಸೂಕ್ಷ್ಮ ಪದರ ಧೂಳನ್ನು ಹಿಡಿಯುವುದು ಎಳೆಗಳ ದಟ್ಟಣೆಯಿಂದ ಮಾತ್ರವಲ್ಲ, ಅನೇಕ ಚೀಲಗಳಲ್ಲಿ ಆ ಎಳೆಗಳಿಗೆ ತುಂಬಿರುವ ಸ್ಥಿರ ವಿದ್ಯುತ್ತಿನಿಂದ ಕೂಡ. ಸಾಬೂನು ನೀರು ಆ ಗುಣವನ್ನು ಕೆಡಿಸುತ್ತದೆ. ತೊಳೆದ ಚೀಲ ಕಣ್ಣಿಗೆ ಶುಭ್ರವಾಗಿ ಕಂಡರೂ ಸಣ್ಣ ಧೂಳನ್ನು ಮೊದಲಿನಂತೆ ತಡೆಯುವುದಿಲ್ಲ.

ಮರುಬಳಕೆ ಬೇಕೇ ಬೇಕೆಂದಿದ್ದರೆ, ತಳಕ್ಕೆ ಪ್ಲಾಸ್ಟಿಕ್ ಕ್ಲಿಪ್ ಪಟ್ಟಿಯಿರುವ, ಅದಕ್ಕೆಂದೇ ಹೊಲಿದ ಬಟ್ಟೆಯ ಚೀಲ ಕೊಳ್ಳಿ. 1907ರಲ್ಲಿ ಅಮೆರಿಕದ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್ ತನ್ನ ಮೊದಲ ಯಂತ್ರಕ್ಕೆ ಕಟ್ಟಿದ್ದೂ ದಿಂಬಿನ ಚೀಲವನ್ನೇ, ಹಾಗಾಗಿ ಈ ಉಪಾಯಕ್ಕೆ ದೊಡ್ಡ ಪರಂಪರೆಯೇ ಇದೆ ಎನ್ನಬಹುದು. ಆದರೆ ಒರಟು ನೇಯ್ಗೆಯ ಬಟ್ಟೆ ಸಣ್ಣ ಧೂಳನ್ನು ಬಿಟ್ಟುಕೊಡುತ್ತದೆ. ಮನೆಯಲ್ಲಿ ಉಬ್ಬಸ ಅಥವಾ ಧೂಳಿನ ಅಲರ್ಜಿ ಇರುವವರಿದ್ದರೆ ಈ ಉಳಿತಾಯ ಬೇಡ. ಚೀಲ ಖಾಲಿ ಮಾಡುವಾಗಲೂ ಹೊರಗೆ, ಮಾಸ್ಕ್ ಹಾಕಿಕೊಂಡೇ ಮಾಡಬೇಕು.

ನನ್ನ ಮಟ್ಟಿಗೆ ದುಡ್ಡು ಉಳಿಸುವ ದಾರಿ ಚೀಲದ ಹಿಂದೆ ಇಲ್ಲ, ಮುಂದೆ ಇದೆ. ಹೋಸಿಗೂ ಯಂತ್ರಕ್ಕೂ ನಡುವೆ ಗಾಳಿಯನ್ನು ಸುಳಿಯಂತೆ ತಿರುಗಿಸುವ ಸೈಕ್ಲೋನ್ ಡಬ್ಬಿಯೊಂದನ್ನು ಜೋಡಿಸಿದರೆ, ಹೆಚ್ಚಿನ ಧೂಳು ಚೀಲ ಮುಟ್ಟುವ ಮೊದಲೇ ಕೆಳಗಿನ ಬಕೆಟ್ಟಿಗೆ ಬೀಳುತ್ತದೆ. ಸೆಳೆತ ಸ್ವಲ್ಪ ತಗ್ಗುತ್ತದೆ, ಬಕೆಟ್ಟನ್ನು ಜೊತೆಗೆ ಎಳೆದಾಡಬೇಕು. ಆದರೂ ಗೋಡೆ ತಿಕ್ಕುವಂಥ ಕೆಲಸಕ್ಕೆ ನಾನು ಅದಿಲ್ಲದೆ ಯಂತ್ರ ತೆಗೆಯುವುದಿಲ್ಲ. ಬೇರೆ ಕಂಪನಿಯ ಅಗ್ಗದ ಚೀಲವೂ ನಡೆಯುತ್ತದೆ, ಅದರ ಕಾಲರು ಯಂತ್ರದ ಬಾಯಿಗೆ ಸಂದಿಲ್ಲದೆ ಕೂರಬೇಕು ಅಷ್ಟೆ.

ಪ್ರಶ್ನೆ ಕೇಳಿದವರು:
ಸ್ಪಂಜು ತೊಳೆದು ಎರಡು ದಿನ ಒಣಗಿಸಿ ಹಾಕಿದೆ. ಮುಕ್ಕಾಲು ಗಂಟೆ ಓಡಿಸಿದರೂ ನಿಲ್ಲಲಿಲ್ಲ, ದೀಪವೂ ಹೊತ್ತಲಿಲ್ಲ. ಹಳೆಯ ಚೀಲವನ್ನು ಬಿಸಾಡುವ ಮೊದಲು ಬೆಳಕಿಗೆ ಹಿಡಿದು ನೋಡಿದೆ: ಪಿನ್ನುಗಳ ಸುತ್ತ ಬೆಳಕು ಚುಕ್ಕೆ ಚುಕ್ಕೆಯಾಗಿ ತೂರಿ ಬರುತ್ತಿತ್ತು, ಉಳಿದ ಕಡೆ ರಟ್ಟಿನಂತೆ ಮಬ್ಬು.